ಹಳೆಯ ಸಿನಿ ಕ್ಯಾಮೆರಾಗಳ ಸಂಗ್ರಹ ಮತ್ತು ಬಳಕೆ

ಹಳೆಯ ಸಿನಿ ಕ್ಯಾಮೆರಾಗಳ ಸಂಗ್ರಹ ಮತ್ತು ಬಳಕೆ ಎಂಬುದು ಫಿಲ್ಮ್ ಸುರುಳಿಯ ಮೇಲೆ ಚಲನಚಿತ್ರವನ್ನು ಸೆರೆಹಿಡಿಯುವ, ಈಗ ಬಹುಪಾಲು ತಯಾರಿಕೆಯಲ್ಲಿಲ್ಲದ ಕ್ಯಾಮೆರಾಗಳನ್ನು ಹುಡುಕಿ ಕೂಡಿಡುವ, ದುರಸ್ತಿ ಮಾಡುವ ಹಾಗೂ ಅವುಗಳಲ್ಲಿ ಮತ್ತೆ ಚಿತ್ರೀಕರಣ ನಡೆಸುವ ಹವ್ಯಾಸವಾಗಿದೆ. ಕೈಹಿಡಿಕೆ ತಿರುಗಿಸಿ ಓಡಿಸುವ ಮರದ ಪೆಟ್ಟಿಗೆಯ ಕ್ಯಾಮೆರಾಗಳು, ಗಡಿಯಾರದಂತೆ ಕೀಲಿ ಕೊಟ್ಟು ಓಡಿಸುವ 16 ಎಂ.ಎಂ. ಮತ್ತು 8 ಎಂ.ಎಂ. ಕ್ಯಾಮೆರಾಗಳು, ಬ್ಯಾಟರಿಯಿಂದ ನಡೆಯುವ ಸೂಪರ್ 8 ಕ್ಯಾಮೆರಾಗಳು ಮತ್ತು ಸ್ಟುಡಿಯೊಗಳಲ್ಲಿ ಬಳಕೆಯಲ್ಲಿದ್ದ 35 ಎಂ.ಎಂ. ಕ್ಯಾಮೆರಾಗಳು ಇದರ ವ್ಯಾಪ್ತಿಗೆ ಬರುತ್ತವೆ. ಡಿಜಿಟಲ್ ಚಿತ್ರೀಕರಣ ವ್ಯಾಪಕವಾದ ನಂತರ ಈ ಯಂತ್ರಗಳು ವೃತ್ತಿಯಿಂದ ಹೊರಬಿದ್ದು ಗುಜರಿಗೂ ಸಂಗ್ರಾಹಕರ ಕಪಾಟಿಗೂ ಸೇರಿದವು. ಕ್ಯಾಮೆರಾದ ಜೊತೆಗೆ ಅನೇಕ ವೇಳೆ ಅದರಲ್ಲಿ ತೆಗೆದ ಸುರುಳಿಗಳೂ ಕೈಸೇರುವುದರಿಂದ, ಈ ಹವ್ಯಾಸಕ್ಕೆ ಚಲನಚಿತ್ರ ಪರಂಪರೆಯ ಸಂರಕ್ಷಣೆಯೊಂದಿಗೆ ನೇರ ಸಂಬಂಧವಿದೆ.

ಹಿನ್ನೆಲೆ

1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ಬಳಕೆಗೆ ತಂದ ಸಿನಿಮಾಟೊಗ್ರಾಫ್ ಒಂದೇ ಯಂತ್ರದಲ್ಲಿ ಚಿತ್ರ ತೆಗೆಯುವ, ಪ್ರತಿ ಮಾಡುವ ಮತ್ತು ತೆರೆಯ ಮೇಲೆ ತೋರಿಸುವ ಸೌಲಭ್ಯವನ್ನು ಹೊಂದಿತ್ತು. ಅವರ ಚಿತ್ರಗಳು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. ಅದನ್ನು ಕಂಡ ಛಾಯಾಗ್ರಾಹಕ ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್ ಲಂಡನ್ನಿನಿಂದ ಕ್ಯಾಮೆರಾ ತರಿಸಿಕೊಂಡು 1899ರಲ್ಲಿ ಕುಸ್ತಿ ಪಂದ್ಯವೊಂದನ್ನು ಚಿತ್ರೀಕರಿಸಿದರು. ದಾದಾಸಾಹೇಬ್ ಫಾಲ್ಕೆಯವರು 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಕೊಂಡರು. 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮೊದಲು ಅವರು ಅದರಲ್ಲಿ ತೆಗೆದದ್ದು ಬಟಾಣಿ ಬೀಜವೊಂದು ಮೊಳೆತು ಬಳ್ಳಿಯಾಗುವ ಕಿರುಚಿತ್ರ. ಒಂದೊಂದೇ ಚೌಕಟ್ಟನ್ನು ದಿನಗಟ್ಟಲೆ ಅಂತರದಲ್ಲಿ ತೆಗೆದು ಕಾಲವನ್ನು ಕುಗ್ಗಿಸುವ ಈ ವಿಧಾನವನ್ನು ಹಳೆಯ ಕ್ಯಾಮೆರಾಗಳ ಹವ್ಯಾಸಿಗಳು ಇಂದಿಗೂ ಪ್ರಯೋಗಿಸುತ್ತಾರೆ.

ಆ ಕಾಲದ ಫಿಲ್ಮ್ 35 ಎಂ.ಎಂ. ಅಗಲದ್ದು. ಅದರ ಆಧಾರ ಪದಾರ್ಥವಾದ ನೈಟ್ರೇಟ್ ಸುಲಭವಾಗಿ ಬೆಂಕಿ ಹತ್ತುವಂಥದ್ದು. ಮನೆಯೊಳಗೆ ಇಟ್ಟುಕೊಳ್ಳಲು ಅದು ತಕ್ಕುದಲ್ಲವೆಂಬ ಕಾರಣದಿಂದ, ಹವ್ಯಾಸಿಗಳಿಗಾಗಿ ರೂಪಿಸಿದ ಕಿರಿದಾದ ಫಿಲ್ಮ್‌ಗಳನ್ನು ಹೆಚ್ಚಾಗಿ ‘ಸುರಕ್ಷಾ ಫಿಲ್ಮ್’ ಎನಿಸಿದ ಅಸಿಟೇಟ್ ಆಧಾರದ ಮೇಲೆಯೇ ತಯಾರಿಸಲಾಯಿತು. ಫ್ರಾನ್ಸಿನ ಪಾಥೆ ಸಂಸ್ಥೆಯ 9.5 ಎಂ.ಎಂ. ಫಿಲ್ಮ್ 1922ರಲ್ಲೂ, ಅಮೆರಿಕದ ಕೊಡ್ಯಾಕ್ ಸಂಸ್ಥೆಯ 16 ಎಂ.ಎಂ. ಫಿಲ್ಮ್ 1923ರಲ್ಲೂ ಮಾರುಕಟ್ಟೆಗೆ ಬಂದವು. ಆರ್ಥಿಕ ಕುಸಿತದ ಕಾಲದಲ್ಲಿ ಖರ್ಚು ತಗ್ಗಿಸಲೆಂದು 1932ರಲ್ಲಿ 8 ಎಂ.ಎಂ. ಬಂತು. ಇದು ವಾಸ್ತವವಾಗಿ 16 ಎಂ.ಎಂ. ಅಗಲದ ಫಿಲ್ಮೇ. ಒಂದು ಬದಿ ಓಡಿದ ಮೇಲೆ ಸುರುಳಿಯನ್ನು ಮಗುಚಿ ಹಾಕಿ ಇನ್ನೊಂದು ಬದಿಯನ್ನು ಬಳಸಿ, ಸಂಸ್ಕರಣೆಯ ನಂತರ ಉದ್ದಕ್ಕೆ ಸೀಳಿ ಜೋಡಿಸಲಾಗುತ್ತಿತ್ತು. 1965ರಲ್ಲಿ ಬಂದ ಸೂಪರ್ 8ರಲ್ಲಿ ಫಿಲ್ಮ್ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರುತ್ತದೆ. ಅದನ್ನು ಕ್ಯಾಮೆರಾಕ್ಕೆ ತೂರಿಸಿ ಬಾಗಿಲು ಮುಚ್ಚಿದರೆ ಸಾಕು. ಅದೇ ವರ್ಷ ಜಪಾನಿನ ಫ್ಯೂಜಿ ಸಂಸ್ಥೆ ಸಿಂಗಲ್ 8 ಎಂಬ ಬೇರೆ ಡಬ್ಬಿಯನ್ನು ತಂದಿತು. ಎರಡರಲ್ಲೂ ಚಿತ್ರದ ಗಾತ್ರ ಒಂದೇ ಆದರೂ ಒಂದರ ಡಬ್ಬಿ ಇನ್ನೊಂದರ ಕ್ಯಾಮೆರಾಕ್ಕೆ ಹೊಂದುವುದಿಲ್ಲ. ಹೊಸ ಸಂಗ್ರಾಹಕರು ಮೋಸಹೋಗುವ ಮೊದಲ ಸ್ಥಳ ಇದು.

ರಚನೆ ಮತ್ತು ಕಾರ್ಯವಿಧಾನ

ಎಲ್ಲ ಸಿನಿ ಕ್ಯಾಮೆರಾಗಳ ಒಳಗಿನ ಕೆಲಸ ಒಂದೇ ಬಗೆಯದು. ಸಣ್ಣ ಕೊಕ್ಕೆಯೊಂದು ಫಿಲ್ಮಿನ ಅಂಚಿನ ರಂಧ್ರದೊಳಗೆ ಹೊಕ್ಕು ಅದನ್ನು ಒಂದು ಚೌಕಟ್ಟಿನಷ್ಟು ಕೆಳಕ್ಕೆ ಎಳೆಯುತ್ತದೆ. ಬಳಿಕ ಫಿಲ್ಮ್ ‘ಗೇಟ್’ ಎಂಬ ಚೌಕ ಕಿಂಡಿಯ ಹಿಂದೆ ಅಲುಗಾಡದೆ ನಿಲ್ಲುತ್ತದೆ. ಆಗ ಸುತ್ತುವ ಶಟರಿನ ತೆರೆದ ಭಾಗ ಎದುರಿಗೆ ಬಂದು ಬೆಳಕು ಒಳಬೀಳುತ್ತದೆ. ಶಟರಿನ ಮುಚ್ಚಿದ ಭಾಗ ಬಂದಾಗ ಫಿಲ್ಮ್ ಮತ್ತೆ ಮುಂದೆ ಸರಿಯುತ್ತದೆ. ಶಟರ್ ಅರ್ಧ ವೃತ್ತದಷ್ಟು ತೆರೆದಿದ್ದು, ಸೆಕೆಂಡಿಗೆ 24 ಚೌಕಟ್ಟುಗಳ ವೇಗವಿದ್ದರೆ ಪ್ರತಿ ಚೌಕಟ್ಟಿಗೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು ಸಿಗುತ್ತದೆ.

ಫಿಲ್ಮಿನ ಉದ್ದ ಮತ್ತು ಚಿತ್ರದ ಅವಧಿಯ ಲೆಕ್ಕ ಬಳಕೆದಾರರಿಗೆ ಬಾಯಿಪಾಠವಾಗಿರಬೇಕಾಗುತ್ತದೆ. 35 ಎಂ.ಎಂ.ನಲ್ಲಿ ಅಡಿಗೆ 16, 16 ಎಂ.ಎಂ.ನಲ್ಲಿ 40, ಸೂಪರ್ 8ರಲ್ಲಿ 72 ಚೌಕಟ್ಟುಗಳಿರುತ್ತವೆ. ಇದರಂತೆ 24ರ ವೇಗದಲ್ಲಿ 35 ಎಂ.ಎಂ.ನ 400 ಅಡಿಯ ಸುರುಳಿ ನಾಲ್ಕೂವರೆ ನಿಮಿಷಕ್ಕೂ, 16 ಎಂ.ಎಂ.ನ 100 ಅಡಿಯ ಸುರುಳಿ 2 ನಿಮಿಷ 47 ಸೆಕೆಂಡಿಗೂ ಮುಗಿಯುತ್ತದೆ. ಸೂಪರ್ 8ರ 50 ಅಡಿಯ ಡಬ್ಬಿ 24ರ ವೇಗದಲ್ಲಿ ಎರಡೂವರೆ ನಿಮಿಷ, ಮನೆ ಚಿತ್ರಗಳ ವಾಡಿಕೆಯ ವೇಗವಾದ 18ರಲ್ಲಿ 3 ನಿಮಿಷ 20 ಸೆಕೆಂಡು ಬರುತ್ತದೆ. ಮೊಬೈಲಿನಲ್ಲಿ ಗಂಟೆಗಟ್ಟಲೆ ಚಿತ್ರೀಕರಿಸಿ ರೂಢಿಯಾದವರಿಗೆ ಈ ಮಿತಿಯೇ ಮೊದಲ ಪಾಠವಾಗುತ್ತದೆ.

ಕೀಲಿ ಕೊಡುವ ಕ್ಯಾಮೆರಾಗಳಲ್ಲಿ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಯಂತ್ರವನ್ನು ನಡೆಸುತ್ತದೆ. ಸ್ಪ್ರಿಂಗಿನ ಬಲ ಕುಂದಿದಂತೆ ವೇಗ ಕುಂದದಂತೆ ನೋಡಿಕೊಳ್ಳುವ ನಿಯಂತ್ರಕವೊಂದು ಒಳಗಿರುತ್ತದೆ. ಒಮ್ಮೆ ಪೂರ್ತಿ ಕೀಲಿ ಕೊಟ್ಟರೆ ಸುಮಾರು ಅರ್ಧ ನಿಮಿಷ ಓಡುತ್ತದೆ. ವಿದ್ಯುತ್ತೂ ಬ್ಯಾಟರಿಯೂ ಬೇಡವಾದ್ದರಿಂದ ಕಾಡು, ಬೆಟ್ಟ ಹಾಗೂ ಯುದ್ಧಭೂಮಿಗಳಲ್ಲಿ ಈ ಬಗೆಯ ಕ್ಯಾಮೆರಾಗಳು ಹೆಚ್ಚು ಬಳಕೆಯಾದವು.

ಸಂಗ್ರಾಹಕರು ಅರಸುವ ಮಾದರಿಗಳು

ಮೂಕಿ ಚಿತ್ರಗಳ ಕಾಲದ 35 ಎಂ.ಎಂ. ಕ್ಯಾಮೆರಾಗಳಲ್ಲಿ ಪ್ಯಾರಿಸ್ಸಿನ ಡೆಬ್ರಿ ಪಾರ್ವೊ (1908) ಮತ್ತು ಸಂಪೂರ್ಣ ಲೋಹದ ಕವಚವುಳ್ಳ ಬೆಲ್ ಅಂಡ್ ಹೊವೆಲ್ 2709 (1912) ಹೆಸರಾದವು. ಸ್ಟುಡಿಯೊ ಯುಗದ ಅಧಿಪತಿಯೆಂದರೆ ಮಿಚೆಲ್. ಅದರ ಸದ್ದಡಗಿಸಿದ ಬಿಎನ್‌ಸಿ ಮಾದರಿ 1934ರದು. ಇಂಥ ಯಂತ್ರಗಳು ಕಾಲ್ಮಣೆ, ಮೋಟಾರು ಮತ್ತು ಫಿಲ್ಮ್ ಪೆಟ್ಟಿಗೆಗಳೊಂದಿಗೆ ಇಬ್ಬರು ಮೂವರು ಹೊರುವಷ್ಟು ಭಾರವಾಗುವುದರಿಂದ ಮನೆಯಲ್ಲಿಟ್ಟುಕೊಳ್ಳುವವರು ವಿರಳ; ಅವಕ್ಕೆ ವಸ್ತುಸಂಗ್ರಹಾಲಯವೇ ಸರಿಯಾದ ಜಾಗ.

ಜರ್ಮನಿಯ ಆರಿ ಸಂಸ್ಥೆ 1937ರಲ್ಲಿ ತಂದ ಆರಿಫ್ಲೆಕ್ಸ್ 35 ಚಿತ್ರೀಕರಣದ ರೀತಿಯನ್ನೇ ಬದಲಿಸಿತು. ಅದರ ಶಟರಿಗೆ ಕನ್ನಡಿ ಅಳವಡಿಸಿದ್ದರಿಂದ, ಮಸೂರ ಕಾಣುವ ದೃಶ್ಯವನ್ನೇ ಛಾಯಾಗ್ರಾಹಕರು ನೋಡುತ್ತ ಚಿತ್ರೀಕರಿಸಬಹುದಾಯಿತು. ಅದರ ವಂಶದ ಆರಿಫ್ಲೆಕ್ಸ್ 2ಸಿ ಮಾದರಿಯು ಭಾರತದಲ್ಲಿ ದಶಕಗಳ ಕಾಲ ದುಡಿಯಿತು. ಕೈಯಲ್ಲಿ ಹಿಡಿದು ಹೊರಾಂಗಣಕ್ಕೆ ಒಯ್ಯಬಹುದಾದರೂ ಅದು ಗದ್ದಲದ ಯಂತ್ರವಾಗಿತ್ತು. ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಹಿಡಿಯದೆ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಮಾತು ಕೂಡಿಸುವ ಪದ್ಧತಿ ಕನ್ನಡವೂ ಸೇರಿದಂತೆ ಭಾರತೀಯ ಚಿತ್ರಗಳಲ್ಲಿ ಬೇರೂರಲು ಈ ಸದ್ದೂ ಒಂದು ಕಾರಣ.

16 ಎಂ.ಎಂ.ನಲ್ಲಿ ಹೆಚ್ಚು ಬೇಡಿಕೆಯಿರುವುದು ಸ್ವಿಟ್ಜರ್ಲೆಂಡಿನ ಪೈಯಾರ್ ಸಂಸ್ಥೆ 1935ರಿಂದ ತಯಾರಿಸಿದ ಬೋಲೆಕ್ಸ್ ಎಚ್16ಕ್ಕೆ. ಹಿಂದಕ್ಕೆ ಸುತ್ತಿ ಒಂದರ ಮೇಲೊಂದು ಚಿತ್ರ ಮೂಡಿಸುವ, ಒಂದೊಂದೇ ಚೌಕಟ್ಟು ತೆಗೆಯುವ ಸೌಲಭ್ಯಗಳು ಅದರಲ್ಲಿರುವುದರಿಂದ ಚಲನಚಿತ್ರ ಶಾಲೆಗಳೂ ಪ್ರಯೋಗಶೀಲರೂ ಅದನ್ನು ಮೆಚ್ಚಿದರು. ಬೆಲ್ ಅಂಡ್ ಹೊವೆಲ್‌ನ ಫಿಲ್ಮೊ 70 (1923) ಹಾಗೂ ಅದರ 35 ಎಂ.ಎಂ. ಸೋದರನಾದ ಐಮೊ (1925) ಗಟ್ಟಿತನಕ್ಕೆ ಹೆಸರಾದವು. ಎರಡನೆಯ ಮಹಾಯುದ್ಧದ ಸುದ್ದಿಚಿತ್ರಗಳಲ್ಲಿ ಬಹಳಷ್ಟು ಐಮೊದಲ್ಲಿ ತೆಗೆದವು. ಸೋವಿಯತ್ ಒಕ್ಕೂಟದ ಕ್ರಾಸ್ನೊಗೋರ್ಸ್ಕ್-3 ಅಥವಾ ಕೆ-3 ಅಗ್ಗವಾಗಿ ಸಿಗುವ ಕೀಲಿ ಕ್ಯಾಮೆರಾ. ಅದರ ಫಿಲ್ಮ್ ದಾರಿಯಲ್ಲಿ ಗೀರು ಬೀಳುವ ದೂರು ಸಾಮಾನ್ಯ. ಸೂಪರ್ 8ರಲ್ಲಿ ಕ್ಯಾನನ್, ನಿಕಾನ್, ಎಲ್ಮೊ, ಚಿನಾನ್, ಜರ್ಮನಿಯ ನೀಜೊ ಹಾಗೂ ಫ್ರಾನ್ಸಿನ ಬೊಲ್ಯೊ ಕ್ಯಾಮೆರಾಗಳು ಪ್ರಸಿದ್ಧ.

ಮನೆಬಳಕೆಯ ಕ್ಯಾಮೆರಾವೊಂದು ಇತಿಹಾಸದ ಸಾಕ್ಷಿಯಾಗಬಲ್ಲದು ಎಂಬುದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ 1963ರ ನವೆಂಬರ್ 22ರಂದು ಅಮೆರಿಕದ ಡಲ್ಲಾಸ್‌ನಲ್ಲಿ ದೊರೆಯಿತು. ಅಧ್ಯಕ್ಷ ಕೆನೆಡಿಯವರ ಹತ್ಯೆಯ ಪೂರ್ಣ ದೃಶ್ಯವನ್ನು ಬಟ್ಟೆ ತಯಾರಕ ಅಬ್ರಹಾಂ ಜಪ್ರೂಡರ್ ಸೆರೆಹಿಡಿದದ್ದು ಬೆಲ್ ಅಂಡ್ ಹೊವೆಲ್‌ನ ಕೀಲಿ ಕೊಡುವ 8 ಎಂ.ಎಂ. ಕ್ಯಾಮೆರಾದಲ್ಲಿ.

ಕರ್ನಾಟಕದಲ್ಲಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಕೊಲ್ಹಾಪುರದಲ್ಲಿ ಚಿತ್ರೀಕರಣಗೊಂಡಿತು. ಬಳಿಕವೂ ಬಹುಕಾಲ ಕನ್ನಡ ಚಿತ್ರಗಳು ಮದರಾಸು, ಕೊಯಮತ್ತೂರು, ಸೇಲಂಗಳ ಸ್ಟುಡಿಯೊಗಳನ್ನೂ ಅಲ್ಲಿನ ಕ್ಯಾಮೆರಾಗಳನ್ನೂ ಅವಲಂಬಿಸಿದ್ದವು. ಹೀಗಾಗಿ ಕನ್ನಡ ಚಿತ್ರರಂಗದ ಆದಿಕಾಲದ ಯಂತ್ರಗಳು ಕರ್ನಾಟಕದೊಳಗೆ ಉಳಿಯುವ ಅವಕಾಶವೇ ಕಡಿಮೆಯಿತ್ತು. ‘ಸತಿ ಸುಲೋಚನ’ದ ಪ್ರತಿಯೂ ಇಂದು ಲಭ್ಯವಿಲ್ಲ.

ಆದರೆ ಹೊರಗಿನವರ ಕ್ಯಾಮೆರಾ ಮೈಸೂರು ಸಂಸ್ಥಾನಕ್ಕೆ ಬಂದದ್ದುಂಟು. ‘ನ್ಯಾನೂಕ್ ಆಫ್ ದಿ ನಾರ್ತ್’ ಖ್ಯಾತಿಯ ರಾಬರ್ಟ್ ಫ್ಲಾಹರ್ಟಿ 1935–36ರಲ್ಲಿ ಮೈಸೂರಿಗೆ ಬಂದು ಆನೆಗಳ ನಡುವೆ ಚಿತ್ರೀಕರಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ಚಿತ್ರಕ್ಕೆ ಫ್ಲಾಹರ್ಟಿಯವರೊಂದಿಗೆ ಜೋಲ್ಟಾನ್ ಕೋರ್ಡಾ ನಿರ್ದೇಶಕರು, ಆಸ್ಮಂಡ್ ಬೊರಡೈಲ್ ಛಾಯಾಗ್ರಾಹಕರು. ಮಾವುತನ ಮಗ, ಕಾರಾಪುರದ ಸಾಬು ಈ ಚಿತ್ರದಿಂದಲೇ ಜಗತ್ಪ್ರಸಿದ್ಧನಾದ. ಕರ್ನಾಟಕದ ಕಾಡು ಮತ್ತು ಆನೆಗಳು 35 ಎಂ.ಎಂ. ಫಿಲ್ಮಿನಲ್ಲಿ ಹೇಗೆ ಕಂಡವೆಂಬುದಕ್ಕೆ ಉಳಿದಿರುವ ಮುಖ್ಯ ದಾಖಲೆಗಳಲ್ಲಿ ಇದೂ ಒಂದು.

ಕ್ಯಾಮೆರಾ ವಿದ್ಯೆಯನ್ನು ಕಲಿಸುವುದರಲ್ಲಿ ಮಾತ್ರ ಬೆಂಗಳೂರು ಹಿಂದೆ ಬೀಳಲಿಲ್ಲ. ಪುಣೆಯ ಚಲನಚಿತ್ರ ಸಂಸ್ಥೆ ಆರಂಭವಾದದ್ದು 1960ರಲ್ಲಿ. ಅದಕ್ಕೂ ಬಹಳ ಮೊದಲೇ, 1940ರ ದಶಕದಲ್ಲಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಚಲನಚಿತ್ರ ಛಾಯಾಗ್ರಹಣದ ಡಿಪ್ಲೊಮಾ ಶಿಕ್ಷಣ ದೊರೆಯುತ್ತಿತ್ತು. ಮೈಸೂರಿನಲ್ಲಿ ಜನಿಸಿದ ವಿ. ಕೆ. ಮೂರ್ತಿ (1923–2014) ಅಲ್ಲಿ 1946ರಲ್ಲಿ ಡಿಪ್ಲೊಮಾ ಪಡೆದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959) ಅವರ ಕೈಚಳಕದ್ದು. ಅದರಲ್ಲಿ ಸ್ಟುಡಿಯೊದ ಕತ್ತಲೆಯನ್ನು ಸೀಳಿ ಬೀಳುವ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ತಿರುಗಿಸಿ ಮೂಡಿಸಿದ್ದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಗೋವಿಂದ ನಿಹಲಾನಿ ಅದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಶಿಕ್ಷಣ ಮುಗಿಸಿದರು. ಮುಂದೆ ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರಕ್ಕೆ ಛಾಯಾಗ್ರಾಹಕರಾದರು. 1970ರ ‘ಸಂಸ್ಕಾರ’ವನ್ನು ಆಸ್ಟ್ರೇಲಿಯಾದ ಟಾಮ್ ಕೋವನ್ ಚಿತ್ರೀಕರಿಸಿದರು. 1970ರ ದಶಕದ ಈ ಹೊಸ ಅಲೆ ಸ್ಟುಡಿಯೊ ಬಿಟ್ಟು ಹಳ್ಳಿಯ ಬೀದಿ, ಜಗಲಿ, ನದಿದಂಡೆಗಳಿಗೆ ಹೋಗಲು ಹಗುರವಾದ ಕ್ಯಾಮೆರಾಗಳೂ ನೆರವಾದವು.

16 ಎಂ.ಎಂ. ಎಂಬುದು ಕರ್ನಾಟಕದ ಬಹುಜನರಿಗೆ ತಿಳಿದದ್ದು ಕ್ಯಾಮೆರಾದಿಂದಲ್ಲ, ಪ್ರೊಜೆಕ್ಟರಿನಿಂದ. ಸರ್ಕಾರದ ಪ್ರಚಾರ ವಾಹನಗಳು ಊರೂರಿಗೆ ಬಂದು ಬಿಳಿಯ ಪರದೆ ಕಟ್ಟಿ ಸಾಕ್ಷ್ಯಚಿತ್ರ ತೋರಿಸುತ್ತಿದ್ದುದು ಈ ಗಾತ್ರದಲ್ಲಿ. ಬೆಂಗಳೂರಿನ ಸುಚಿತ್ರ (1971), ಹೆಗ್ಗೋಡಿನ ನೀನಾಸಂ ಚಿತ್ರಸಮಾಜ (1973) ಮುಂತಾದ ಚಿತ್ರಸಮಾಜಗಳೂ 16 ಎಂ.ಎಂ. ಪ್ರತಿಗಳನ್ನು ತರಿಸಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದವು. ಸ್ವಂತ ಸಿನಿ ಕ್ಯಾಮೆರಾ ಇದ್ದದ್ದು ಅನುಕೂಲಸ್ಥರಲ್ಲಿ ಮಾತ್ರ; ಕ್ಯಾಮೆರಾವೂ ಬಣ್ಣದ ಫಿಲ್ಮೂ ವಿದೇಶದಿಂದಲೇ ಬರಬೇಕಿತ್ತು. ನೆರೆಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪಿನ ಫಿಲ್ಮ್ ಒದಗಿಸಿತಾದರೂ ಬಣ್ಣದ ಮನೆ ಚಿತ್ರಗಳ ಕೊರತೆಯನ್ನು ಅದು ನೀಗಲಿಲ್ಲ.

ಸಂಗ್ರಹ

ಹಳೆಯ ಸಿನಿ ಕ್ಯಾಮೆರಾಗಳು ಮುಖ್ಯವಾಗಿ ಹಳೆಯ ಮನೆಗಳ ಅಟ್ಟ, ಮುಚ್ಚಿದ ಫೋಟೊ ಸ್ಟುಡಿಯೊ, ಗುಜರಿ ಅಂಗಡಿ, ಬೆಂಗಳೂರಿನ ಸಂಡೆ ಬಜಾರ್, ಮುಂಬಯಿಯ ಚೋರ್ ಬಜಾರ್ ಹಾಗೂ ಅಂತರಜಾಲದ ಹರಾಜುಗಳಿಂದ ದೊರೆಯುತ್ತವೆ. ಹೊರಗಿನಿಂದ ಅಂದವಾಗಿ ಕಾಣುವ ಕ್ಯಾಮೆರಾ ಓಡುವ ಕ್ಯಾಮೆರಾ ಆಗಿರಬೇಕೆಂದಿಲ್ಲ. ಮಾರುವವರು ‘ಓಡುತ್ತದೆ’ ಎಂದಾಗ ಸಾಮಾನ್ಯವಾಗಿ ಗುಂಡಿ ಒತ್ತಿದರೆ ಸದ್ದು ಬರುತ್ತದೆ ಎಂದಷ್ಟೇ ಅರ್ಥ.

ಕೊಳ್ಳುವ ಮೊದಲು ಕೀಲಿಯನ್ನು ಪೂರ್ತಿ ಕೊಟ್ಟು, ವೇಗ ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಬಾಗಿಲು ತೆರೆದು ಕೊಕ್ಕೆ ಮತ್ತು ಶಟರ್ ಚಲಿಸುತ್ತಿವೆಯೇ, ಗೇಟಿನ ಮೇಲೆ ತುಕ್ಕು ಅಥವಾ ಗೀರು ಇದೆಯೇ, ಹಲ್ಲುಚಕ್ರಗಳು ಸರಿಯಿವೆಯೇ ಎಂದು ನೋಡಬೇಕು. ಮಸೂರದ ಹಿಂದಿನಿಂದ ಟಾರ್ಚ್ ಹಾಯಿಸಿದರೆ ಒಳಗಿನ ಬೂಷ್ಟು ಜೇಡರಬಲೆಯಂತೆ ಕಾಣುತ್ತದೆ. ಬ್ಯಾಟರಿ ಕ್ಯಾಮೆರಾಗಳಲ್ಲಿ ಸೋರಿದ ಬ್ಯಾಟರಿಯ ಹಸಿರು-ಬಿಳಿ ಉಪ್ಪು ತಂತಿಗಳನ್ನು ತಿಂದುಹಾಕಿರುವುದುಂಟು. ಬಾಗಿಲಿನ ಸಂದಿಗೆ ಅಂಟಿಸಿದ ಸ್ಪಂಜು ಕಾಲಕ್ರಮೇಣ ಕರಗಿ ಕಪ್ಪು ಅಂಟಾಗುತ್ತದೆ. ಅದು ಒಳಗಿನ ಫಿಲ್ಮ್ ದಾರಿಗೆ ತಗುಲದಂತೆ ತೆಗೆದು ಹೊಸದನ್ನು ಹಾಕಬೇಕು. ಫಿಲ್ಮ್ ಇಲ್ಲದೆ ಕ್ಯಾಮೆರಾವನ್ನು ಅತಿವೇಗದಲ್ಲಿ ಓಡಿಸುವುದೂ, ಕೀಲಿ ಬಿಗಿದ ಸ್ಥಿತಿಯಲ್ಲೇ ವರ್ಷಗಟ್ಟಲೆ ಇಡುವುದೂ ಯಂತ್ರಕ್ಕೆ ಒಳ್ಳೆಯದಲ್ಲ.

ಈ ಹವ್ಯಾಸದೊಳಗೇ ಒಂದು ವಿವಾದವಿದೆ. ಅನೇಕ 16 ಎಂ.ಎಂ. ಕ್ಯಾಮೆರಾಗಳ ಮಸೂರಗಳು ‘ಸಿ-ಮೌಂಟ್’ ಎಂಬ ಒಂದಂಗುಲ ವ್ಯಾಸದ ತಿರುಪಿನವು. ಇವು ಅಡಾಪ್ಟರ್ ಮೂಲಕ ಇಂದಿನ ಕೆಲವು ಡಿಜಿಟಲ್ ಕ್ಯಾಮೆರಾಗಳಿಗೂ ಕೂಡುವುದರಿಂದ ಅವಕ್ಕೆ ಬೆಲೆ ಬಂದಿದೆ. ವ್ಯಾಪಾರಿಗಳು ಮಸೂರವನ್ನು ಬಿಚ್ಚಿ ಮಾರಿ, ಕ್ಯಾಮೆರಾದ ದೇಹವನ್ನು ತೂಕಕ್ಕೆ ಹಾಕುತ್ತಾರೆ. ಮಸೂರವಿಲ್ಲದೆ ಉಳಿದ ಬೋಲೆಕ್ಸ್, ಫಿಲ್ಮೊಗಳು ಗುಜರಿಯಲ್ಲಿ ಸಾಮಾನ್ಯ ದೃಶ್ಯ. ಮೂಲ ಮಸೂರ, ಚರ್ಮದ ಪೆಟ್ಟಿಗೆ, ಕೈಪಿಡಿ, ಖರೀದಿ ರಸೀದಿಗಳು ಒಟ್ಟಿಗೆ ಇರುವ ಕ್ಯಾಮೆರಾ ಹೇಳುವ ಕಥೆಯನ್ನು ಬಿಡಿಭಾಗಗಳು ಹೇಳಲಾರವು.

ಭಾರತದ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ, ಗತಕಾಲದ ವಿಜ್ಞಾನ ಅಥವಾ ಕಲೆಯನ್ನು ನಿದರ್ಶಿಸುವ ವಸ್ತುಗಳು ಪುರಾತನ ವಸ್ತುವಿನ ವ್ಯಾಖ್ಯೆಗೆ ಒಳಪಡಬಹುದು. ಇಂಥವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮೂಕಿ ಕಾಲದ ಕ್ಯಾಮೆರಾಗಳು ಈಗ ಒಂದೊಂದಾಗಿ ಆ ವಯಸ್ಸನ್ನು ಮುಟ್ಟುತ್ತಿವೆ.

ಮಲೆನಾಡಿನ ತೇವ ಮತ್ತು ಸಂರಕ್ಷಣೆ

ಕ್ಯಾಮೆರಾ ಸಂಗ್ರಹದ ಪುಸ್ತಕಗಳು ಬಹುಪಾಲು ಚಳಿ ಮತ್ತು ಒಣಹವೆಯ ದೇಶಗಳಲ್ಲಿ ಬರೆದವು. ಪಶ್ಚಿಮ ಘಟ್ಟದಲ್ಲಿ ಅವುಗಳ ಸಲಹೆ ಪೂರ್ತಿ ಸಲ್ಲುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಒಳಗೇ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಯಲಿಗೆ ಹೊಂದಿದ ಹಳಿಯಾಳ, ಮುಂಡಗೋಡುಗಳಿಗಿಂತ ಜೋಯಿಡಾದಲ್ಲಿ ಮಳೆ ಬಹಳ ಹೆಚ್ಚು. ದಾಂಡೇಲಿ ಸಮೀಪದ ಕುಳಗಿಯಂತಹ ಕಾಡಿನ ನಡುವಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಪುಸ್ತಕ, ಚಪ್ಪಲಿಗಳಿಗೆ ಹಿಡಿಯುವ ಬೂಷ್ಟು ಮಸೂರವನ್ನೂ ಬಿಡುವುದಿಲ್ಲ.

ಮಸೂರಕ್ಕೆ ಹಿಡಿಯುವ ಶಿಲೀಂಧ್ರ ಧೂಳು, ಬೆರಳಿನ ಎಣ್ಣೆಯಂಶ ಮತ್ತು ತೇವವನ್ನು ಆಶ್ರಯಿಸಿ ಬೆಳೆಯುತ್ತದೆ. ಅದು ಹೊರಸೂಸುವ ಆಮ್ಲ ಗಾಜಿನ ಲೇಪನವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ. ಆರಂಭದಲ್ಲಿ ಒರೆಸಿ ತೆಗೆಯಬಹುದಾದ ಕಲೆ ಕೆಲವು ಮಳೆಗಾಲ ಕಳೆದ ಮೇಲೆ ಶಾಶ್ವತವಾಗುತ್ತದೆ. ಇದಕ್ಕೆ ಇಂಬು ಕೊಡುವ ದೊಡ್ಡ ಅಪರಾಧಿ ಕ್ಯಾಮೆರಾದೊಂದಿಗೆ ಬಂದ ಚರ್ಮದ ಪೆಟ್ಟಿಗೆಯೇ. ಚರ್ಮ ಮತ್ತು ಒಳಗಿನ ಮಖಮಲ್ಲು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಪೆಟ್ಟಿಗೆಯನ್ನು ಬೇರೆಯಾಗಿ, ಕ್ಯಾಮೆರಾವನ್ನು ಬೇರೆಯಾಗಿ ಇಡುವುದು ಲೇಸು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಬಣ್ಣ ತಿರುಗಿದಾಗಲೆಲ್ಲ ಜೆಲ್ಲನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸುವುದು ಅಗ್ಗದ ವಿಧಾನ. ವಿದ್ಯುತ್ ಚಾಲಿತ ಒಣ ಕಪಾಟುಗಳೂ ದೊರೆಯುತ್ತವೆ. ಒಳಗಿನ ಸಾಪೇಕ್ಷ ಆರ್ದ್ರತೆ ಶೇ. 50ರ ಆಸುಪಾಸಿನಲ್ಲಿದ್ದರೆ ಶಿಲೀಂಧ್ರ ಬೆಳೆಯುವ ಭಯವಿಲ್ಲ. ಇವಾವುವೂ ಇಲ್ಲದವರಿಗೆ ಇರುವ ದಾರಿಯೆಂದರೆ ಕ್ಯಾಮೆರಾವನ್ನು ಆಗಾಗ ಹೊರತೆಗೆದು, ಗಾಳಿಯಾಡುವ ಬೆಳಕಿನ ಜಾಗದಲ್ಲಿಟ್ಟು, ಸ್ವಲ್ಪ ಹೊತ್ತು ಓಡಿಸುವುದು. ಬಳಸುವ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯುವುದು ಅಪರೂಪ.

ಫಿಲ್ಮಿನ ಮೇಲೆ ಉಷ್ಣ ಮತ್ತು ತೇವದ ಪರಿಣಾಮ ಇನ್ನೂ ತೀವ್ರ. ಅಸಿಟೇಟ್ ಆಧಾರ ಕೊಳೆಯುತ್ತ ಹೋದಂತೆ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿವಾಸನೆ, ಹೊರಬರುತ್ತದೆ. ಹೊರಬಂದ ಆಮ್ಲವೇ ಕೊಳೆತವನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಫಿಲ್ಮ್ ಕುಗ್ಗಿ, ಸುರುಟಿ, ಕೊನೆಗೆ ಪುಡಿಯಾಗುತ್ತದೆ. ಟ್ರೈಅಸಿಟೇಟ್ ಫಿಲ್ಮ್ 1948ರಲ್ಲಿ ಬಳಕೆಗೆ ಬಂದ ಹತ್ತು ವರ್ಷದೊಳಗೆ ಈ ‘ವಿನೆಗರ್ ಸಿಂಡ್ರೋಮ್’ನ ಮೊದಲ ವರದಿ ಕೊಡ್ಯಾಕ್ ಸಂಸ್ಥೆಗೆ ತಲುಪಿದ್ದು ಭಾರತ ಸರ್ಕಾರದಿಂದ ಎಂಬುದು ಗಮನಾರ್ಹ, ಬಿಸಿ ಮತ್ತು ತೇವದ ವಾತಾವರಣದಲ್ಲಿ ಇಟ್ಟಿದ್ದ ಫಿಲ್ಮ್ ಅದು. ಹುಳಿವಾಸನೆ ಬಂದ ಸುರುಳಿಯನ್ನು ಉಳಿದವುಗಳಿಂದ ಕೂಡಲೇ ಬೇರ್ಪಡಿಸಬೇಕು, ಮುಚ್ಚಿದ ತಗಡಿನ ಡಬ್ಬಿಯಲ್ಲಿ ಇಡಬಾರದು.

ನೈಟ್ರೇಟ್ ಸುರುಳಿಗಳ ವಿಷಯವೇ ಬೇರೆ. 1950ರ ದಶಕದ ಆರಂಭದ ತನಕ 35 ಎಂ.ಎಂ.ನಲ್ಲಿ ಬಳಕೆಯಲ್ಲಿದ್ದ ಈ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯಬಲ್ಲದು. ಪುಣೆಯಲ್ಲಿ 2003ರ ಜನವರಿಯಲ್ಲಿ ಸಂಭವಿಸಿದ ಅಗ್ನಿದುರಂತದಲ್ಲಿ ನೂರಾರು ಹಳೆಯ ಭಾರತೀಯ ಚಿತ್ರಗಳ ನೈಟ್ರೇಟ್ ಸುರುಳಿಗಳು ಬೂದಿಯಾದವು. ಹಳೆಯ ಚಿತ್ರಮಂದಿರಗಳಿಂದ 35 ಎಂ.ಎಂ. ತುಣುಕುಗಳನ್ನು ಕೊಳ್ಳುವವರು ಅಂಚಿನಲ್ಲಿ ‘ಸೇಫ್ಟಿ’ ಎಂಬ ಮುದ್ರೆ ಇದೆಯೇ ಎಂದು ನೋಡಬೇಕು. ಇಲ್ಲವಾದಲ್ಲಿ ಅದನ್ನು ಮನೆಗೆ ತರದೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಂತಹ ಸಂಸ್ಥೆಯನ್ನು ಸಂಪರ್ಕಿಸುವುದು ಕ್ಷೇಮ.

ಬಳಕೆ

2011ರ ಹೊತ್ತಿಗೆ ಆರಿ, ಪ್ಯಾನಾವಿಷನ್, ಆಟಾನ್ ಸಂಸ್ಥೆಗಳು ಹೊಸ ಫಿಲ್ಮ್ ಕ್ಯಾಮೆರಾಗಳ ತಯಾರಿಕೆ ನಿಲ್ಲಿಸಿದ್ದವು. ಫ್ಯೂಜಿ 2013ರಲ್ಲಿ ಚಲನಚಿತ್ರ ಫಿಲ್ಮ್ ತಯಾರಿಕೆಯಿಂದ ಹಿಂದೆ ಸರಿಯಿತು. ಕೊಡ್ಯಾಕ್ ಮಾತ್ರ 35, 16 ಎಂ.ಎಂ. ಮತ್ತು ಸೂಪರ್ 8 ಫಿಲ್ಮ್‌ಗಳನ್ನು ಮುಂದುವರಿಸಿ, ಎಕ್ಟಾಕ್ರೋಮ್ ಬಣ್ಣದ ಫಿಲ್ಮನ್ನು 2018ರಲ್ಲಿ ಮತ್ತೆ ತಂದಿತು. ಆದ್ದರಿಂದ ಬಳಸುವ ಉದ್ದೇಶದಿಂದ ಕೊಳ್ಳುವವರಿಗೆ 16 ಎಂ.ಎಂ. ಮತ್ತು ಸೂಪರ್ 8 ಅನುಕೂಲ, 9.5 ಎಂ.ಎಂ., ಸಿಂಗಲ್ 8 ಮತ್ತು ಡಬ್ಬಿಯ 16 ಎಂ.ಎಂ. ಕ್ಯಾಮೆರಾಗಳು ಬಹುಮಟ್ಟಿಗೆ ಪ್ರದರ್ಶನದ ವಸ್ತುಗಳಾಗಿವೆ.

16 ಎಂ.ಎಂ.ನಲ್ಲಿ ಇನ್ನೊಂದು ತೊಡಕಿದೆ. ಯುದ್ಧಪೂರ್ವದ ಹಲವು ಕ್ಯಾಮೆರಾಗಳ ಹಲ್ಲುಚಕ್ರಗಳಲ್ಲಿ ಎರಡೂ ಬದಿ ಹಲ್ಲುಗಳಿದ್ದು, ಎರಡೂ ಅಂಚಿನಲ್ಲಿ ರಂಧ್ರಗಳಿರುವ ಫಿಲ್ಮೇ ಬೇಕಾಗುತ್ತದೆ. ಈಗ ಸಾಮಾನ್ಯವಾಗಿ ದೊರೆಯುವುದು ಒಂದೇ ಅಂಚಿನ ರಂಧ್ರದ ಫಿಲ್ಮ್. ಅದನ್ನು ಇಂಥ ಕ್ಯಾಮೆರಾಕ್ಕೆ ಹಾಕಿದರೆ ಹಲ್ಲುಗಳು ಫಿಲ್ಮನ್ನೇ ತೂತು ಮಾಡುತ್ತವೆ.

1960–70ರ ದಶಕದ ಅನೇಕ ಕ್ಯಾಮೆರಾಗಳ ಬೆಳಕಿನ ಮೀಟರು 1.35 ವೋಲ್ಟಿನ ಪಾದರಸದ ಬ್ಯಾಟರಿಯಿಂದ ನಡೆಯುತ್ತಿತ್ತು. ಪಾದರಸದ ವಿಷಗುಣದಿಂದಾಗಿ ಅವುಗಳ ಮಾರಾಟ ನಿಂತಿದೆ. ಬದಲಿಗೆ 1.5 ವೋಲ್ಟಿನ ಬ್ಯಾಟರಿ ಹಾಕಿದರೆ ಮೀಟರು ತಪ್ಪು ತೋರಿಸುತ್ತದೆ. ಕಿವಿಯ ಶ್ರವಣ ಸಾಧನಗಳ ಜಿಂಕ್-ಏರ್ ಬ್ಯಾಟರಿಯನ್ನು ಹೊಂದಿಸಿ ಹಾಕುವುದು ರೂಢಿಯಲ್ಲಿರುವ ಉಪಾಯ. ಬ್ಯಾಟರಿ ಬೇಡದ ಸೆಲೆನಿಯಂ ಮೀಟರುಗಳು ವಯಸ್ಸಾದಂತೆ ದುರ್ಬಲವಾಗುತ್ತವೆ. ಪ್ರತ್ಯೇಕ ಮೀಟರಿನಿಂದ ಅಥವಾ ಮೊಬೈಲಿನ ಮೀಟರ್ ಆ್ಯಪಿನಿಂದ ಅಳೆದು ಕೈಯಿಂದಲೇ ಹೊಂದಿಸುವುದು ಹೆಚ್ಚು ನಂಬಲರ್ಹ.

ಹೊಸದಾಗಿ ಕೈಸೇರಿದ ಕ್ಯಾಮೆರಾದಲ್ಲಿ ಮೊದಲು ನಿರುಪಯುಕ್ತ ಫಿಲ್ಮ್ ತುಂಡೊಂದನ್ನು ಓಡಿಸಿ ಗೀರು ಬೀಳುತ್ತಿದೆಯೇ ಎಂದು ಪರೀಕ್ಷಿಸಬೇಕು. ಬಳಿಕ ಒಂದು ಸುರುಳಿಯನ್ನು ಬೇರೆ ಬೇರೆ ವೇಗ ಹಾಗೂ ಬೆಳಕಿನಲ್ಲಿ ತೆಗೆದು ಟಿಪ್ಪಣಿ ಇಡಬೇಕು. ಮರಳಿ ಬಾರದ ಸಂದರ್ಭವನ್ನು, ಉದಾಹರಣೆಗೆ ಮನೆಯ ಮದುವೆಯನ್ನು, ಪರೀಕ್ಷೆಯಾಗದ ಕ್ಯಾಮೆರಾಕ್ಕೆ ಒಪ್ಪಿಸುವುದು ದುಡುಕು. ಕುಳಗಿ, ಅಣಶಿಗಳನ್ನು ಒಳಗೊಂಡ ಕಾಳಿ ಹುಲಿ ಸಂರಕ್ಷಿತ ಪ್ರದೇಶದಂತಹ ಅರಣ್ಯಗಳಲ್ಲಿ ಚಿತ್ರೀಕರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ಕಾಡಿನ ನಿಶ್ಶಬ್ದದಲ್ಲಿ ಕೀಲಿ ಕ್ಯಾಮೆರಾದ ಗರಗರ ಸದ್ದು ಪ್ರಾಣಿ-ಪಕ್ಷಿಗಳಿಗೆ ದೂರದಿಂದಲೇ ಕೇಳಿಸುತ್ತದೆ ಎಂಬುದನ್ನೂ ಬಳಕೆದಾರರು ಗಣನೆಗೆ ತೆಗೆದುಕೊಳ್ಳುವರು.

ತೆಗೆದ ಫಿಲ್ಮನ್ನು ಲ್ಯಾಬಿಗೆ ಕಳಿಸಿ ಸಂಸ್ಕರಿಸಿ ಸ್ಕ್ಯಾನ್ ಮಾಡಿಸುವುದು ಈಗಿನ ರೂಢಿ. ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಟ್ಟಿಯಲ್ಲಿ ಸಂಸ್ಕರಿಸುವವರೂ ಇದ್ದಾರೆ. ವಿಮಾನ ನಿಲ್ದಾಣಗಳ ಹೊಸ ಸಿ.ಟಿ. ಸ್ಕ್ಯಾನರುಗಳು ಸಂಸ್ಕರಿಸದ ಫಿಲ್ಮನ್ನು ಕೆಡಿಸುವುದರಿಂದ ಕೈಯಿಂದ ತಪಾಸಣೆ ಮಾಡುವಂತೆ ಕೇಳಿಕೊಳ್ಳಬೇಕಾಗುತ್ತದೆ.

ಮನೆ ಚಿತ್ರಗಳು

ಕ್ಯಾಮೆರಾದೊಂದಿಗೆ ಸಿಗುವ ಸುರುಳಿಗಳು ಹಲವು ವೇಳೆ ಕ್ಯಾಮೆರಾಕ್ಕಿಂತ ಅಮೂಲ್ಯ. ಮದುವೆ, ನಾಮಕರಣ, ಜಾತ್ರೆ, ತೋಟದ ಕೆಲಸ, ಹಳೆಯ ಪೇಟೆಬೀದಿಗಳ ಚಿತ್ರಗಳು ತೆಗೆದವರಿಗೆ ಕುಟುಂಬದ ನೆನಪುಗಳಾಗಿದ್ದರೂ, ಉಡುಗೆ, ವಾಹನ, ಮನೆಕಟ್ಟುವ ರೀತಿ, ಮುಳುಗಡೆಯಾದ ಅಥವಾ ಕಡಿದುಹೋದ ಭೂದೃಶ್ಯಗಳ ದಾಖಲೆಯೂ ಹೌದು. ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರವು ವಸಾಹತು ಕಾಲದ ಭಾರತದಲ್ಲಿ ಬ್ರಿಟಿಷ್ ಕುಟುಂಬಗಳು ತೆಗೆದ ಇಂತಹ ಹವ್ಯಾಸಿ ಚಿತ್ರಗಳನ್ನು ಸಂಗ್ರಹಿಸಿ ಅಂತರಜಾಲದಲ್ಲಿ ಲಭ್ಯವಾಗಿಸಿದೆ. ಭಾರತೀಯ ಕುಟುಂಬಗಳ ಸುರುಳಿಗಳು ಬಹುತೇಕ ಅಟ್ಟದಲ್ಲೇ ಉಳಿದಿವೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ (2014) ಚಿತ್ರಗಳೊಂದಿಗೆ ಹಳೆಯ ಕ್ಯಾಮೆರಾ ಮುಂತಾದ ಚಲನಚಿತ್ರ ಸಾಮಗ್ರಿಗಳನ್ನೂ ಸಂರಕ್ಷಿಸುತ್ತಿದೆ.

ಹಳೆಯ ಸುರುಳಿಯನ್ನು ಹಳೆಯ ಪ್ರೊಜೆಕ್ಟರಿಗೆ ಹಾಕಿ ನೋಡುವ ಆಸೆ ಸಹಜವಾದರೂ ಅಪಾಯಕಾರಿ. ಕುಗ್ಗಿದ ಫಿಲ್ಮಿನ ರಂಧ್ರಗಳು ಪ್ರೊಜೆಕ್ಟರಿನ ಹಲ್ಲುಗಳಿಗೆ ಹೊಂದದೆ ಹರಿಯುತ್ತವೆ. ಫಿಲ್ಮ್ ಸಿಕ್ಕಿಹಾಕಿಕೊಂಡು ನಿಂತರೆ ದೀಪದ ಶಾಖಕ್ಕೆ ಆ ಚೌಕಟ್ಟು ಕರಗುತ್ತದೆ. ಹಲ್ಲುಚಕ್ರವಿಲ್ಲದ ಸ್ಕ್ಯಾನರಿನಲ್ಲಿ ಡಿಜಿಟಲ್ ಪ್ರತಿ ಮಾಡಿಸಿ, ಮೂಲವನ್ನು ತಂಪಾದ ಒಣ ಜಾಗದಲ್ಲಿ ಉಳಿಸಿಕೊಳ್ಳುವುದು ಸರಿಯಾದ ಕ್ರಮ. ಪ್ರತಿಯಾದ ಮೇಲೆ ಮೂಲವನ್ನು ಎಸೆಯಬಾರದು. ಒಂದು ಹಾರ್ಡ್ ಡಿಸ್ಕಿಗಿಂತ ಚೆನ್ನಾಗಿಟ್ಟ ಫಿಲ್ಮ್ ಹೆಚ್ಚು ಕಾಲ ಬಾಳುತ್ತದೆ. ಚಿತ್ರದಲ್ಲಿರುವವರು ಯಾರು, ಊರು ಯಾವುದು ಎಂಬುದನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರಿಗೆ ತೋರಿಸಿ ಬರೆದಿಟ್ಟುಕೊಂಡರೆ ದಾಖಲೆಗೆ ಅರ್ಥ ಬರುತ್ತದೆ.

ಕೊಂಡ ಕ್ಯಾಮೆರಾದೊಳಗೆ ಅರ್ಧ ಓಡಿದ ಫಿಲ್ಮ್ ಉಳಿದಿರುವುದು ಅಪರೂಪವೇನಲ್ಲ. ಆದ್ದರಿಂದ ಫಿಲ್ಮ್ ಎಷ್ಟು ಓಡಿದೆಯೆಂದು ತೋರಿಸುವ ಹೊರಗಿನ ಸೂಚಿಯನ್ನು ಮೊದಲು ನೋಡಬೇಕು; ಸಂಶಯವಿದ್ದರೆ ಕತ್ತಲ ಕೋಣೆಯಲ್ಲಿ ಮಾತ್ರ ಬಾಗಿಲು ತೆರೆಯಬೇಕು. ಹೀಗೆ ಸಿಗುವ ಫಿಲ್ಮ್ ಬಹಳಷ್ಟು ಸಲ ಕೊಡಾಕ್ರೋಮ್ ಆಗಿರುತ್ತದೆ. ಅದರ ಬಣ್ಣದ ಸಂಸ್ಕರಣೆಯನ್ನು ಜಗತ್ತಿನಲ್ಲಿ ಕೊನೆಯದಾಗಿ ಸ್ವೀಕರಿಸುತ್ತಿದ್ದ ಅಮೆರಿಕದ ಕಾನ್ಸಾಸ್ ರಾಜ್ಯದ ಲ್ಯಾಬ್ 2010ರ ಡಿಸೆಂಬರ್ 30ರಂದು ಆ ಸೇವೆಗೆ ತೆರೆ ಎಳೆಯಿತು. ಆ ಫಿಲ್ಮಿನಲ್ಲಿ ಅಡಗಿರುವ ಬಣ್ಣ ಇನ್ನು ಹೊರಬರುವಂತಿಲ್ಲ. ಕಪ್ಪು-ಬಿಳುಪಿನ ವಿಧಾನದಲ್ಲಿ ಸಂಸ್ಕರಿಸಿದರೆ ಮಾತ್ರ ಮಸುಕಾಗಿಯಾದರೂ ಚಿತ್ರ ಮೂಡುವ ಸಾಧ್ಯತೆ ಇದೆ. ಕ್ಯಾಮೆರಾ ಬಿಸಿ ಮತ್ತು ತೇವದಲ್ಲಿ ಕಳೆದ ವರ್ಷಗಳು ಹೆಚ್ಚಿದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ.